ಕಾಲಿನ ತುರಿಕೆಗೆ ಟ್ಯೂಬ್ ಹಚ್ಚುವ ಮುಂಚೆ

"ಅಣ್ಣಾರ, ಇದನ್ನ ಮೂರ ದಿನ ಹಚ್ಚ್ರಿ, ತಿಂಡಿ ನಿಂತ ಹೋಗತೈತಿ."

ಎರಡು ಮಳೆಗಾಲದ ಹಿಂದೆ ಹುಬ್ಬಳ್ಳಿಯ ಒಂದು ಮೆಡಿಕಲ್ ಶಾಪಿನಲ್ಲಿ ನನ್ನ ತಮ್ಮನಿಗೆ ಸಿಕ್ಕ ಸಲಹೆ ಇದು. ತಿಂಡಿ ಅಂದರೆ ನಮ್ಮ ಕಡೆ ತುರಿಕೆ. ಅವನದು ದಿನವಿಡೀ ಬೈಕಿನ ಮೇಲೆ ತಿರುಗುವ ಕೆಲಸ. ಒದ್ದೆಯಾದ ಜೀನ್ಸ್ ಮೈಮೇಲೆಯೇ ಒಣಗುತ್ತಿತ್ತು. ತೊಡೆಯ ಒಳಬದಿಗೆ ಹತ್ತು ರೂಪಾಯಿ ನಾಣ್ಯದಷ್ಟು ದದ್ದು ಎದ್ದಿತ್ತು. ಟ್ಯೂಬ್ ಹಚ್ಚಿದ, ಮೂರೇ ದಿನಕ್ಕೆ ತುರಿಕೆ ಹೋಯಿತು. ಹಚ್ಚುವುದು ಬಿಟ್ಟ ವಾರಕ್ಕೆ ಮತ್ತೆ ಬಂತು. ಮತ್ತೆ ಹಚ್ಚಿದ. ಮೂರು ತಿಂಗಳಾಗುವಷ್ಟರಲ್ಲಿ ದದ್ದು ಅಂಗೈಯಗಲ ಹಬ್ಬಿತ್ತು. ಪಕ್ಕದ ಚರ್ಮ ತೆಳುವಾಗಿ ಗೆರೆ ಬಿದ್ದಿದ್ದವು.

ಅದಕ್ಕೇ ಹೇಳುವುದು, ಮೊದಲು ನೋಡಿ, ಆಮೇಲೆ ಹಚ್ಚಿ.

ನೋಡುವುದಕ್ಕೂ ಒಂದು ರೀತಿ ಇದೆ. ಬೆಳಿಗ್ಗೆ ಬಿಸಿಲು ಬೀಳುವ ಕಡೆ ಕುಳಿತು ಎರಡೂ ಕಾಲನ್ನು ತೊಡೆಯಿಂದ ಬೆರಳಿನ ಸಂದಿಯವರೆಗೆ ನೋಡಿ. ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ದದ್ದಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದರೆ ನಾಳೆಗೆ ಹಬ್ಬಿದೆಯೋ ಇಲ್ಲವೋ ತಿಳಿಯುತ್ತದೆ. ಒಂದೇ ಕಾಲಿಗೋ ಎರಡಕ್ಕೋ? ಮನೆಯಲ್ಲಿ ಇನ್ಯಾರಾದರೂ ತುರಿಸಿಕೊಳ್ಳುತ್ತಿದ್ದಾರಾ? ಈಚೆಗೆ ಹೊಸ ಚಪ್ಪಲಿ, ಹೊಸ ಗೆಜ್ಜೆ, ಹೊಸ ಸೋಪು ಏನಾದರೂ ಬಂತಾ? ಇಷ್ಟು ಕೇಳಿಕೊಂಡರೆ ಅರ್ಧ ಗುಟ್ಟು ಬಿಚ್ಚಿಕೊಳ್ಳುತ್ತದೆ.

ಅಂಚು ಉಬ್ಬಿ ಕೆಂಪಾಗಿ, ನಡುವಿನ ಚರ್ಮ ತಿಳಿಯಾಗಿ, ಬಳೆಯ ಹಾಗೆ ದುಂಡಗೆ ಹಬ್ಬುತ್ತಿದ್ದರೆ ಅದು ಬಹುತೇಕ ಹುಳುಕಡ್ಡಿ, ಅಂದರೆ ಗಜಕರ್ಣ. ಹೆಸರಲ್ಲಿ ಹುಳ ಇದ್ದರೂ ಇದು ಹುಳವಲ್ಲ, ಬೂಷ್ಟಿನ ಜಾತಿಯ ಶಿಲೀಂಧ್ರ. ಬೆವರು, ಒದ್ದೆ, ಬಿಗಿ ಬಟ್ಟೆ ಎಂದರೆ ಇದಕ್ಕೆ ಹಬ್ಬ. ತಮ್ಮನಿಗೆ ಇದ್ದದ್ದೂ ಇದೇ. ಅವನು ಹಚ್ಚಿದ ಟ್ಯೂಬಿನಲ್ಲಿ ಶಿಲೀಂಧ್ರದ ಔಷಧದ ಜೊತೆ ಸ್ಟೆರಾಯ್ಡ್ ಬೆರೆತಿತ್ತು. ಸ್ಟೆರಾಯ್ಡ್ ತುರಿಕೆಯನ್ನು, ಕೆಂಪನ್ನು ಬೇಗ ಅಡಗಿಸುತ್ತದೆ. ಆದರೆ ಆ ಜಾಗದಲ್ಲಿ ಚರ್ಮ ತನ್ನನ್ನು ತಾನು ಕಾಯ್ದುಕೊಳ್ಳುವ ಶಕ್ತಿಯನ್ನೂ ಅಡಗಿಸುತ್ತದೆ. ಮೇಲೆ ವಾಸಿಯಾದಂತೆ ಕಂಡರೂ ಶಿಲೀಂಧ್ರ ಒಳಗೊಳಗೆ ಬೆಳೆಯುತ್ತದೆ. ಟ್ಯೂಬಿನ ಹಿಂದೆ ಕ್ಲೋಬೆಟಾಸೋಲ್, ಬೆಟಾಮೆಥಾಸೋನ್, ಬೆಕ್ಲೋಮೆಥಾಸೋನ್ ಎಂಬ ಹೆಸರಿದ್ದರೆ ಅದು ಸ್ಟೆರಾಯ್ಡ್. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ಅಕ್ಷರ ಸಣ್ಣದಿದ್ದರೆ ಮಕ್ಕಳ ಕೈಲಿ ಓದಿಸಿ, ಆದರೆ ಓದದೆ ಹಚ್ಚಬೇಡಿ.

ಹುಳುಕಡ್ಡಿಗೆ ಕ್ಲೋಟ್ರಿಮಜೋಲ್‌ನಂಥ ಶಿಲೀಂಧ್ರದ ಔಷಧ ಮಾತ್ರ ಇರುವ ಕ್ರೀಮ್ ಬೇಕು. ದದ್ದಿನ ಮೇಲಷ್ಟೇ ಅಲ್ಲ, ಅಂಚಿನಿಂದ ಎರಡು ಬೆರಳು ಆಚೆಗೂ ಹಚ್ಚಿ. ದದ್ದು ಮಾಯವಾದ ಮೇಲೂ ಎರಡು ವಾರ ಹಚ್ಚುವುದನ್ನು ಬಿಡಬೇಡಿ. ಹೆಚ್ಚಿನವರು ಸೋಲುವುದು ಇಲ್ಲಿಯೇ. ಟವೆಲ್, ಒಳ ಉಡುಪು ಬೇರೆ ಇರಲಿ, ಬಿಸಿಲಿಗೆ ಒಳಮೈ ಮೇಲಾಗಿಸಿ ಒಣಗಿಸಿ. ಜಾಸ್ತಿ ಹಬ್ಬಿದ್ದರೆ ಗುಳಿಗೆ ಬೇಕಾಗುತ್ತದೆ, ಅದನ್ನು ವೈದ್ಯರೇ ಬರೆಯಲಿ.

ರಾತ್ರಿ ಹಾಸಿಗೆ ಸೇರಿದೊಡನೆ ತುರಿಕೆ ಏರಿ, ಬೆರಳ ಸಂದಿ, ಮಣಿಕಟ್ಟು, ಸೊಂಟದ ಸುತ್ತಲೂ ಸಣ್ಣ ಗುಳ್ಳೆ ಇದ್ದು, ಮನೆಮಂದಿಯೆಲ್ಲ ಕೆರೆದುಕೊಳ್ಳುತ್ತಿದ್ದರೆ ಅದು ತುರಿಕಜ್ಜಿ. ಪರ್ಮೆಥ್ರಿನ್ ಶೇ 5ರ ಕ್ರೀಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ ರಾತ್ರಿ ಹಚ್ಚಿ, ಬೆಳಿಗ್ಗೆ ಸ್ನಾನ ಮಾಡಬೇಕು. ವಾರದ ನಂತರ ಇನ್ನೊಮ್ಮೆ. ತುರಿಕೆ ಇಲ್ಲದವರೂ ಸೇರಿ ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ಕೂಸುಗಳಿಗೆ, ಬಸುರಿಯರಿಗೆ ವೈದ್ಯರನ್ನು ಕೇಳಿಯೇ ಹಚ್ಚಿ.

ಚಪ್ಪಲಿಯ ಪಟ್ಟಿ ಕೂರುವ ಜಾಗದಲ್ಲೇ, ಗೆಜ್ಜೆ ತಾಗುವ ಜಾಗದಲ್ಲೇ ಚರ್ಮ ಕಪ್ಪಾಗಿ ತುರಿಸುತ್ತಿದ್ದರೆ ಆ ವಸ್ತುವನ್ನು ಬಿಡುವುದೇ ಮೊದಲ ಮದ್ದು. ಹೊಲದಲ್ಲಿ ಕಳೆ ತೆಗೆಯುವವರಿಗೆ ಕಾಂಗ್ರೆಸ್ ಕಸದಿಂದಲೂ ಹೀಗಾಗುತ್ತದೆ. ಆದರೆ ಅದು ಕಾಲಿಗಿಂತ ಮುಖ, ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಜಾಸ್ತಿ. ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಅಕ್ಕಂದಿರ ಕಾಲಿನ ಉರಿಗೆ ಬರೀ ನೀರು ಸಾಲದು. ಖಾರ ನೀರಿನಲ್ಲಿ ಕರಗುವುದಿಲ್ಲ. ಮೊದಲು ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ.

ನಮ್ಮ ಅಪ್ಪನದು ಬೇರೆಯೇ ಕತೆ. ಬಟ್ಟೆ ಅಂಗಡಿಯಲ್ಲಿ ಮೂವತ್ತು ವರ್ಷ ನಿಂತೇ ದುಡಿದವರು. ಹಿಂಬಡದ ಮೇಲೆ, ಒಳಬದಿಗೆ, ಚರ್ಮ ಕಂದಾಗಿ ಒರಟಾಗಿತ್ತು. ಸಂಜೆಗೆ ಪಾದ ಊದಿ, ಕಾಲುಚೀಲದ ಗುರುತು ಆಳವಾಗಿ ಬೀಳುತ್ತಿತ್ತು. ಮೀನಖಂಡದಲ್ಲಿ ನರ ಉಬ್ಬಿದ್ದವು. ನಾವು ಇಸಬು ಅಂದುಕೊಂಡು ಎಣ್ಣೆ, ಬೇವು ಎಲ್ಲ ಹಚ್ಚಿದೆವು. ನಿಜವಾದ ಕಾರಣ ಚರ್ಮದಲ್ಲಿರಲಿಲ್ಲ. ಮೇಲಕ್ಕೆ ಹೋಗಬೇಕಾದ ರಕ್ತ ಕಾಲಿನಲ್ಲೇ ನಿಲ್ಲುತ್ತಿತ್ತು. ದಿನಕ್ಕೆ ಮೂರು ಸಲ ಎದೆಗಿಂತ ಎತ್ತರಕ್ಕೆ ಕಾಲಿಟ್ಟು ಮಲಗುವುದು, ವೈದ್ಯರು ಹೇಳಿದ ಬಿಗಿ ಸ್ಟಾಕಿಂಗ್ ಹಾಕುವುದು, ಇವೆರಡರಿಂದಲೇ ತುರಿಕೆ ಅರ್ಧಕ್ಕಿಳಿಯಿತು. ಸ್ಟಾಕಿಂಗನ್ನು ನಾವೇ ಹೋಗಿ ತರಬಾರದು. ಕಾಲಿಗೆ ರಕ್ತ ಇಳಿಯುವುದೇ ಕಡಿಮೆಯಿದ್ದರೆ ಅದರಿಂದ ಅಪಾಯ.

ಯಾವುದೆಂದು ತಿಳಿಯದೇ ಇದ್ದಾಗ ಮನೆಯಲ್ಲಿ ಇಷ್ಟು ಸಾಕು: ಉಗುರು ಕತ್ತರಿಸಿ, ಸುಡು ಸುಡು ನೀರು ಬಿಟ್ಟು ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿ, ತಣ್ಣೀರ ಬಟ್ಟೆ ಇಡಿ. ಚಳಿಗಾಲದ ಒಣ ಗಾಳಿಗೆ ಕಾಲು ಬಿರಿದಿದ್ದರೆ ಮೈ ಒರೆಸಿದ ತಕ್ಷಣ, ಹಸಿ ಇರುವಾಗಲೇ, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ. ಸೀಮೆಎಣ್ಣೆ, ಸುಣ್ಣ, ಟೂತ್‌ಪೇಸ್ಟ್ ದಯವಿಟ್ಟು ಬೇಡ.

ಇನ್ನೊಂದು ಪರೀಕ್ಷೆ ಇದೆ. ಕೆಂಪು ಚುಕ್ಕೆಗಳ ಮೇಲೆ ಗಾಜಿನ ಲೋಟ ಒತ್ತಿ ನೋಡಿ. ಒತ್ತಿದರೂ ಕೆಂಪು ಮಾಸದಿದ್ದರೆ ಅದು ಚರ್ಮದೊಳಗೆ ರಕ್ತ ಸೋರಿದ ಗುರುತು, ಅಂದೇ ವೈದ್ಯರಿಗೆ ತೋರಿಸಿ. ಜೊತೆಗೆ ಜ್ವರವೂ ಇದ್ದರೆ ಒಂದು ಗಳಿಗೆಯೂ ಕಾಯಬೇಡಿ. ಒಂದೇ ಕಾಲು ಕೆಂಪಾಗಿ, ಬಿಸಿಯಾಗಿ, ಊದಿ ನೋಯುತ್ತಿದ್ದರೂ ಅಷ್ಟೇ ಅವಸರ. ಸಕ್ಕರೆ ಕಾಯಿಲೆ ಇದ್ದವರು ಸಣ್ಣ ಗಾಯವನ್ನೂ ತೋರಿಸಬೇಕು. ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್), ಗದಗಿನ ಜಿಮ್ಸ್ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವಿದೆ.

ಹೋಗುವಾಗ ಇಲ್ಲಿಯವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನೂ ಒಯ್ಯಿರಿ, ಖಾಲಿಯಾದದ್ದೂ ಸೇರಿ. ತಮ್ಮ ನಾಚಿಕೆಯಿಂದ ಜೇಬಿನಲ್ಲೇ ಇಟ್ಟುಕೊಂಡಿದ್ದ ಟ್ಯೂಬನ್ನು ಡಾಕ್ಟರು ಕೇಳಿ ಪಡೆದು, ಹಿಂದಿನ ಅಕ್ಷರಗಳನ್ನು ಓದಿ, ಆಮೇಲೆಯೇ ಅವನ ಕಾಲು ನೋಡಿದರು.