ಚೆಂಡೆಯ ಹೊಡೆತಕ್ಕೆ ಅಗ್ಗದ ಕಂಪ್ರೆಸರ್: ನನ್ನ ಅನುಭವ

ಮಾಸ್ಟರಿಂಗ್ (ರೆಕಾರ್ಡಿಂಗ್‌ಗೆ ಕೊನೆಯ ಹದ ಕೊಡುವ ಕೆಲಸ) ಅಂದ ತಕ್ಷಣ ಲಕ್ಷಗಟ್ಟಲೆ ರೂಪಾಯಿಯ ಸಾಮಾನು ಬೇಕು ಅಂತ ಹೆದರುವವರು ಜಾಸ್ತಿ. ನಾನು ತಾಳಮದ್ದಳೆ, ಯಕ್ಷಗಾನದ ರೆಕಾರ್ಡಿಂಗ್‌ಗಳನ್ನು ಮಾಸ್ಟರ್ ಮಾಡುವುದು ಎಫ್‌ಎಂಆರ್ ಆಡಿಯೊದ ಆರ್‌ಎನ್‌ಸಿ 1773 ಎಂಬ ಪುಟ್ಟ ಪೆಟ್ಟಿಗೆಯಲ್ಲಿ. ಇದು ಕಂಪ್ರೆಸರ್, ಅಂದರೆ ಜೋರಾದ ದನಿಯನ್ನು ತಾನೇ ತಗ್ಗಿಸುವ ಸಾಧನ. ಅಮೆರಿಕದ್ದು, ಅಲ್ಲಿ ಸುಮಾರು 200 ಡಾಲರ್‌ಗೆ ಸಿಗುತ್ತಿತ್ತು. ನನ್ನದು ಸೆಕೆಂಡ್ ಹ್ಯಾಂಡ್. ಅಲ್ಲಿಂದ ತರಿಸುವವರು ಅಡಾಪ್ಟರ್ ನೋಡಿಕೊಳ್ಳಿ. ಅಲ್ಲಿನ ಕರೆಂಟ್ 120 ವೋಲ್ಟ್, ನಮ್ಮದು 230. ಸುಮ್ನೆ ಚುಚ್ಚಿದರೆ ಹೊಗೆ ಬರುತ್ತದೆ.

ಇದನ್ನೇ ಆರಿಸಿಕೊಳ್ಳಲು ಕಾರಣ ಇದೆ. ಎಡಕ್ಕೂ ಬಲಕ್ಕೂ ಸೇರಿ ಒಂದೇ ಸೆಟ್ ನಾಬ್. ಎರಡೂ ಕಡೆ ಒಂದೇ ಸಮನಾಗಿ ತಗ್ಗುತ್ತದೆ. ಎರಡು ಚಾನೆಲ್‌ನ ಕಂಪ್ರೆಸರ್ ಆದರೆ ಸ್ಟೀರಿಯೊ ಲಿಂಕ್ ಬಟನ್ ಒತ್ತಲೇಬೇಕು. ಇಲ್ಲದಿದ್ದರೆ ಬಲಗಡೆಯ ಚೆಂಡೆ ಜೋರಾದಾಗಲೆಲ್ಲ ನಡುವೆ ಕೂತ ಭಾಗವತರು ಎಡಕ್ಕೆ ಜರುಗಿದ ಹಾಗೆ ಕೇಳುತ್ತದೆ.

ಮೊದಲ ಕೆಲಸ ಲೆವೆಲ್ ಹೊಂದಿಸುವುದು. ಕಂಪ್ಯೂಟರಿನಿಂದ 1000 ಹರ್ಟ್ಸ್‌ನ ಟೋನ್ ಅನ್ನು ಮೈನಸ್ 18 ಡೆಸಿಬೆಲ್‌ನಲ್ಲಿ ಕಳಿಸುತ್ತೇನೆ (0 ಅಂದರೆ ಕಂಪ್ಯೂಟರಿನ ಗರಿಷ್ಠ ಮಟ್ಟ). ರೇಶಿಯೋ (ಎಷ್ಟು ತಗ್ಗಿಸಬೇಕೆಂಬ ಅನುಪಾತ) 1:1 ಇಟ್ಟು, ಅಂದರೆ ಏನೂ ತಗ್ಗದಂತೆ ಮಾಡಿ, ಪೆಟ್ಟಿಗೆ ಸುತ್ತಿ ವಾಪಸ್ ಬರುವಾಗಲೂ ಮೈನಸ್ 18 ತೋರಿಸುವಂತೆ ಇಂಟರ್‌ಫೇಸ್‌ನ (ಕಂಪ್ಯೂಟರಿಗೆ ದನಿ ಒಳಗೆ ಹೊರಗೆ ಸಾಗಿಸುವ ಸಾಧನ) ಇನ್‌ಪುಟ್ ಹೊಂದಿಸುತ್ತೇನೆ. ಇದು ಬೇಜಾರಿನ ಕೆಲಸ, ಆದರೆ ಬಿಡುವ ಹಾಗಿಲ್ಲ. ಅರ್ಧ ಡೆಸಿಬೆಲ್ ಜೋರಾದರೂ ಸಾಕು, ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತದೆ. ಅದಕ್ಕೇ ಕಂಪ್ರೆಸ್ ಮಾಡಿದ ಮೇಲೂ ಗೇನ್ ನಾಬ್‌ನಲ್ಲಿ ತಗ್ಗಿಸಿದ ದನಿ, ಮೂಲ ದನಿ ಎರಡನ್ನೂ ಸಮ ಮಾಡಿ, ಬೈಪಾಸ್ (ಮೂಲ ದನಿಯನ್ನೇ ಕೇಳಿಸುವ ಬಟನ್) ಒತ್ತಿ ಒತ್ತಿ ಹೋಲಿಸುತ್ತೇನೆ.

ಸೆಟ್ಟಿಂಗ್ ತುಂಬ ಮೆತ್ತಗಿರಬೇಕು. ರೇಶಿಯೋ 1.5 ಅಥವಾ 2. ಅಟ್ಯಾಕ್ (ದನಿ ಜೋರಾದ ಮೇಲೆ ತಗ್ಗಿಸಲು ಹಿಡಿಯುವ ಸಮಯ) 30ರಿಂದ 50 ಮಿಲಿಸೆಕೆಂಡ್, ಚೆಂಡೆಯ ಮೊದಲ ಪೆಟ್ಟು ಚೂಪಾಗಿಯೇ ದಾಟಿ ಹೋಗಲಿ ಅಂತ. ರಿಲೀಸ್ (ತಗ್ಗಿಸಿದ್ದನ್ನು ಮತ್ತೆ ಬಿಡಲು ಹಿಡಿಯುವ ಸಮಯ) 300 ಮಿಲಿಸೆಕೆಂಡ್ ಸುತ್ತಮುತ್ತ. ಪದದ (ಭಾಗವತರ ಹಾಡಿನ) ಜೋರಾದ ಭಾಗದಲ್ಲಿ ಎರಡು ಡೆಸಿಬೆಲ್ ತಗ್ಗಿದರೆ ನನಗೆ ಸಾಕು. ಇದರಲ್ಲಿ ‘ಸೂಪರ್ ನೈಸ್’ ಅಂತ ಒಂದು ಬಟನ್ ಇದೆ. ಒತ್ತಿದರೆ ಮೂರು ಕಂಪ್ರೆಸರ್ ಒಂದರ ಹಿಂದೆ ಒಂದು ನಿಂತು ಕೆಲಸ ಹಂಚಿಕೊಳ್ಳುತ್ತವೆ. ತಾಳಮದ್ದಳೆಯ ಮಾತುಗಾರಿಕೆಗೆ ಅದು ಬಹಳ ಚೆನ್ನ. ಅರ್ಥಧಾರಿ ಮೆಲ್ಲಗೆ ಕೆಣಕಿ, ಮರುಕ್ಷಣ ಗುಡುಗಿದರೂ ಹಿಸುಕಿದಂತೆ ಕೇಳುವುದಿಲ್ಲ.

ಯುದ್ಧದ ಪದ ಬಂದಾಗ ಇಷ್ಟು ಸಾಕಾಗುವುದಿಲ್ಲ. ಚೆಂಡೆ ಬಡಿದಾಗಲೆಲ್ಲ ಭಾಗವತರ ದನಿ ಒಳಗೆ ಹೋಗಿ ಹೊರಗೆ ಬರುತ್ತದೆ. ಪಂಪಿಂಗ್ ಅನ್ನುವುದು ಇದನ್ನೇ. ಫ್ರಾನ್ಸಿನ ಡಾಫ್ಟ್ ಪಂಕ್ ಜೋಡಿ ಅಗ್ಗದ ಆಲೆಸಿಸ್ 3630 ಕಂಪ್ರೆಸರಿನಲ್ಲಿ ಬೇಕಂತಲೇ ಪಂಪ್ ಮಾಡಿಸಿ ಹೆಸರಾದರು. ಅವರದು ಡಾನ್ಸ್ ಸಂಗೀತ, ನಮ್ಮ ಭಾಗವತರಿಗೆ ಅದು ಆಗಿಬರುವುದಿಲ್ಲ. ಪಾಶ್ಚಾತ್ಯ ಡ್ರಮ್ ಆಗಿದ್ದರೆ ಸೈಡ್‌ಚೈನ್‌ಗೆ (ಯಾವಾಗ ತಗ್ಗಿಸಬೇಕೆಂದು ಕಂಪ್ರೆಸರ್ ಕೇಳಿಸಿಕೊಳ್ಳುವ ದಾರಿ) ಫಿಲ್ಟರ್ ಹಾಕಿ ಕೆಳಗಿನ ಬೇಸ್ ಕತ್ತರಿಸಿದರೆ ಆಯಿತು. ಚೆಂಡೆಯ ಜೋರು ಇರುವುದು ದನಿಯ ಆಸುಪಾಸಿನಲ್ಲೇ. ದನಿಗೆ ಮುಟ್ಟದೆ ಅದನ್ನು ಮಾತ್ರ ಸೋಸಿ ತೆಗೆಯಲು ಬರುವುದಿಲ್ಲ. ಹಾಗಾಗಿ ಮಿಕ್ಸ್‌ಗೇ (ಬೇರೆ ಬೇರೆ ಟ್ರ್ಯಾಕ್ ಸೇರಿಸುವ ಹಂತಕ್ಕೇ) ವಾಪಸ್ ಹೋಗಿ ಚೆಂಡೆಯ ಟ್ರ್ಯಾಕನ್ನು ಮಾತ್ರ ತಗ್ಗಿಸುತ್ತೇನೆ. ಒಂದೇ ಮೈಕಿನಲ್ಲಿ ಎಲ್ಲವೂ ಸೇರಿಹೋಗಿದ್ದರೆ ಥ್ರೆಶೋಲ್ಡ್ (ತಗ್ಗಿಸಲು ಶುರುಮಾಡುವ ಮಟ್ಟ) ಮೇಲಕ್ಕೆತ್ತಿ ಸುಮ್ಮನಾಗುವುದೇ ಮೇಲು.

ಇನ್ನು ಲಿಮಿಟಿಂಗ್, ಅಂದರೆ ದನಿ ಒಂದು ಮಿತಿ ದಾಟದಂತೆ ತಡೆಯುವುದು. ಅದನ್ನು ಈ ಪೆಟ್ಟಿಗೆಯಿಂದ ಮಾಡಿಸುವುದಿಲ್ಲ. ರೇಶಿಯೋ 25:1ರ ತನಕ ಹೋಗುತ್ತದೆ ನಿಜ. ಆದರೆ ಅತಿ ವೇಗದ ಅಟ್ಯಾಕೇ 0.2 ಮಿಲಿಸೆಕೆಂಡ್, ಕೋಲು ಚರ್ಮಕ್ಕೆ ತಾಗಿದ ಮೊದಲ ಕ್ಷಣ ಅಷ್ಟರಲ್ಲೇ ನುಸುಳಿರುತ್ತದೆ. ಸಾಫ್ಟ್‌ವೇರ್ ಲಿಮಿಟರ್ ಕೆಲವು ಮಿಲಿಸೆಕೆಂಡ್ ಮುಂದೆ ನೋಡಿಕೊಂಡು ಮೊದಲೇ ತಗ್ಗಿಸುತ್ತದೆ. ತಂತಿಯಲ್ಲಿ ಹರಿಯುವ ಸಿಗ್ನಲ್‌ಗೆ ಮುಂದಿನದು ಹೇಗೆ ಗೊತ್ತಾಗಬೇಕು, ಅಲ್ವಾ? ಅದಕ್ಕೆ ವಾಪಸ್ ರೆಕಾರ್ಡ್ ಮಾಡುವಾಗ ಮೇಲೆ 6 ಡೆಸಿಬೆಲ್ ಖಾಲಿ ಬಿಟ್ಟು, 24 ಬಿಟ್‌ನಲ್ಲಿ ತೆಗೆದುಕೊಳ್ಳುತ್ತೇನೆ. ಕೊನೆಗೆ ಸಾಫ್ಟ್‌ವೇರ್ ಲಿಮಿಟರ್, ಮಿತಿ ಮೈನಸ್ 1 ಡೆಸಿಬೆಲ್. ಅದರಾಚೆ ಜೋರು ಮಾಡಿ ಪ್ರಯೋಜನ ಇಲ್ಲ. ಯೂಟ್ಯೂಬ್ ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಒಟ್ಟಾರೆ ಸರಾಸರಿ ಜೋರಿನ ಅಳತೆ) ಜೋರಿದ್ದರೆ ತಾನೇ ತಗ್ಗಿಸಿಬಿಡುತ್ತದೆ.

ತೊಂದರೆಗಳೂ ಇವೆ. ನಾಬ್‌ನ ಜಾಗ ನೆನಪಿಡುವ ವ್ಯವಸ್ಥೆ ಇಲ್ಲ. ಪ್ರತಿ ಪ್ರಸಂಗಕ್ಕೂ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದು ಪ್ರಾಜೆಕ್ಟ್ ಫೋಲ್ಡರ್‌ಗೆ ಹಾಕುತ್ತೇನೆ. ಎರಡು ಗಂಟೆಯ ತಾಳಮದ್ದಳೆ ಆದರೆ ಎರಡು ಗಂಟೆಯೂ ಓಡಿಸಲೇಬೇಕು. ನಡುವೆ ಕರೆಂಟ್ ಹೋದರೆ ಕಂಪ್ಯೂಟರ್ ಒಂದು ಉಳಿದರೆ ಸಾಲದು. ಈ ಪೆಟ್ಟಿಗೆಯೂ ಇಂಟರ್‌ಫೇಸೂ ಯುಪಿಎಸ್ ಮೇಲೆಯೇ ಇರಬೇಕು.