ಸ್ಕಾಟ್ಲೆಂಡಿನ ಜಡ್ಜ್ ಒಬ್ಬರ ಪರಿಚಯ ಬರೆಯುವಾಗ

ಮೈಸೂರಿನ ಲಾ ಕಾಲೇಜು ಸೆಮಿನಾರುಗಳಿಗೆ ಬರೆಯುವ ಇಂಥ ಪರಿಚಯಗಳು ಎಡವುವುದು ಮೊದಲ ಸಾಲಿನಲ್ಲೇ, 'ಲಾರ್ಡ್' ಎಂಬಲ್ಲಿ. ಕೋರ್ಟ್ ಆಫ್ ಸೆಷನ್ ಜಡ್ಜ್ ಆದವರಿಗೆ ಆ ಬಿರುದು ಹುದ್ದೆಯ ಜೊತೆಗೇ ಬರುತ್ತದೆ. ಅಷ್ಟಕ್ಕೇ ಅವರು ಬ್ರಿಟನ್ ಸಂಸತ್ತಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್ ಸದಸ್ಯರಾಗುವುದಿಲ್ಲ. 1532ರಲ್ಲಿ ಶುರುವಾದ ಆ ಕೋರ್ಟು ನಮ್ಮ ಸೆಷನ್ಸ್ ಕೋರ್ಟಿನಂಥದ್ದೂ ಅಲ್ಲ, ಸ್ಕಾಟ್ಲೆಂಡಿನೊಳಗಿನ ಅತ್ಯುನ್ನತ ಸಿವಿಲ್ ಕೋರ್ಟು. ಕ್ರಿಮಿನಲ್ ಕೇಸಿಗೆ ಹೈಕೋರ್ಟ್ ಆಫ್ ಜಸ್ಟಿಷಿಯರಿ. ಕೂರುವವರು ಅದೇ ಜಡ್ಜ್‌ಗಳು. ಅಲ್ಲಿ 'ಶೆರಿಫ್' ಎಂದರೂ ಪೊಲೀಸಲ್ಲ, ಕೆಳಹಂತದ ನ್ಯಾಯಾಧೀಶ.

ಬರೆಯುವ ಮೊದಲು ಇಸವಿ ಜೋಡಿಸಿಕೊಳ್ಳಿ. ಉದಾಹರಣೆಗೆ, ಸ್ಕಾಟ್ಲೆಂಡಿನ ಜಡ್ಜ್ ಆಗಿದ್ದ ಡೇವಿಡ್ ಹೋಪ್ ಅವರದ್ದು ಹೀಗೆ: 1938 ಜನನ, 1965 ಅಡ್ವೊಕೇಟ್, 1978 ಕ್ವೀನ್ಸ್ ಕೌನ್ಸೆಲ್ (ಹಿರಿಯ ವಕೀಲರ ಬಿರುದು), 1986 ಅಡ್ವೊಕೇಟರ ಫ್ಯಾಕಲ್ಟಿಯ (ಅಂದರೆ ವಕೀಲರ ಸಂಘದ, ಕಾಲೇಜಿನದ್ದಲ್ಲ) ಡೀನ್, 1989 ಲಾರ್ಡ್ ಪ್ರೆಸಿಡೆಂಟ್, 1996 ಲಂಡನ್ನಿನ ಮೇಲ್ಮನವಿ ಪೀಠ, 2009 ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಉಪಾಧ್ಯಕ್ಷ, 2013 ನಿವೃತ್ತಿ. 1989ರ ಹಿಂದೆ ಜಡ್ಜ್ ಹುದ್ದೆ ಬಿಟ್ಟುಹೋಗಿದೆ ಎಂದು ಹುಡುಕುತ್ತಾ ಕೂರಬೇಡಿ. ವಕೀಲಿಕೆಯಿಂದ ನೇರ ತುದಿಗೇರಿದವರು. 'ಲಾರ್ಡ್ ಪ್ರೆಸಿಡೆಂಟ್' ಎಂಬ ಹುದ್ದೆಯ ಹೆಸರನ್ನು ಹಾಗೇ ಬಿಟ್ಟು, ಪಕ್ಕದಲ್ಲಿ 'ಸ್ಕಾಟ್ಲೆಂಡಿನ ಅತಿ ಹಿರಿಯ ನ್ಯಾಯಾಧೀಶ' ಎಂದು ಬಿಡಿಸಿ ಹೇಳಿ. 'ಪ್ರೆಸಿಡೆಂಟ್' ಕಂಡು ರಾಷ್ಟ್ರಪತಿ ಮಾಡಿದರೆ ಕಥೆ ಮುಗಿಯಿತು.

ಸ್ಕಾಟ್ಲೆಂಡಿನ ಜಡ್ಜ್ ಲಂಡನ್ನಿನ ಪೀಠಕ್ಕೆ ಹೋದದ್ದು ವಿಚಿತ್ರ ಎನಿಸಿದರೆ ಒಂದು ಕೇಸು ನೆನಪಿಸಿಕೊಳ್ಳಿ. ಟಾರ್ಟ್ಸ್‌ನಲ್ಲಿ (ನಷ್ಟ ಪರಿಹಾರದ ಸಿವಿಲ್ ಕಾನೂನಿನಲ್ಲಿ) ಓದುವ ಬಸವನಹುಳು ಬಾಟಲಿಯ ಕೇಸು, ಡೊನೊಗ್ಯು ವರ್ಸಸ್ ಸ್ಟೀವನ್‌ಸನ್, ಸ್ಕಾಟ್ಲೆಂಡಿನದೇ. ಸಿವಿಲ್ ಮೇಲ್ಮನವಿ ಲಂಡನ್ನಿಗೆ ಹೋಗುತ್ತಿದ್ದುದರಿಂದ 1932ರ ತೀರ್ಪು ಅಲ್ಲಿ ಬಂತು.