ನಾಲ್ಕೇ ಪಾಯಿಂಟ್, ಎರಡು ರಾತ್ರಿ: ಬಾದಾಮಿ ಪ್ಯಾಕೇಜ್ ಕೂಡಿಸಿದ ಲೆಕ್ಕ

ನಮ್ಮ ಬಾಗಲಕೋಟೆ ಕಡೆ ಟೂರ್ ಮಾಡಿಸುವವರಲ್ಲಿ ಎರಡು ಪಂಗಡ. "ಎಷ್ಟು ಪಾಯಿಂಟ್ ತೋರಸ್ತೀರಿ?" ಎಂದು ಗಿರಾಕಿ ಬಾಯಿ ತೆರೆಯುವ ಮೊದಲೇ ಏಳೆಂಟು ಪಾಯಿಂಟ್‌ನ ಪಟ್ಟಿ ಕೈಗಿಡುವವರು ಒಂದು ಕಡೆ. ದಾಂಡೇಲಿಯದೋ ಗೋವಾದ್ದೋ ರಿಸಾರ್ಟಿಗೆ ತಲೆಗಿಷ್ಟು ಎಂದು ಒಪ್ಪಿಸಿ, ಊಟ ವಸತಿ ಆಟ ಎಲ್ಲವನ್ನೂ ಅವರ ಕೊರಳಿಗೆ ಕಟ್ಟಿ, ಕಮಿಷನ್ ಎಣಿಸಿಕೊಳ್ಳುವವರು ಇನ್ನೊಂದು ಕಡೆ. ಬಾದಾಮಿಯಲ್ಲಿ ಎರಡು ರಾತ್ರಿ ಇಟ್ಟು, ನಾಲ್ಕೇ ಪಾಯಿಂಟ್ ತೋರಿಸಿ, ಊಟ-ಚಹಾ-ಟಿಕೆಟ್ ಎಲ್ಲ ಒಂದೇ ರೇಟಿನಲ್ಲಿ ಹಾಕುತ್ತೇನೆ ಎಂದಾಗ ಎರಡೂ ಕಡೆಯವರು ನಕ್ಕರು. ಮೊದಲನೆಯವರ ಮಾತು: "ಮಂದಿ ರೊಕ್ಕಾ ಕೊಡೂದು ನೋಡಾಕ್ರೀ, ಮಕ್ಕೊಳ್ಳಾಕಲ್ಲ." ಎರಡನೆಯವರದು: "ಬಾದಾಮಿ ಅಂದ್ರ ಅರ್ಧಾ ದಿನದ ಮಾತು. ಎರಡು ರಾತ್ರಿ ಏನ್ ಮಾಡ್ತಾರ ಅಲ್ಲಿ?" ಸೀಸನ್ ಮೇಲೆ ಸೀಸನ್ ಅದೇ ಪ್ಯಾಕೇಜ್ ಓಡುತ್ತಿದೆ. ಹೋದವರೇ ಬೀಗರನ್ನು ಕಳಿಸುತ್ತಾರೆ. ನಕ್ಕವರಲ್ಲೇ ಕೆಲವರು ಈಗ ಲೆಕ್ಕದ ಹಾಳೆ ಕೇಳುತ್ತಿದ್ದಾರೆ. ಹಾಳೆ ಇಲ್ಲಿದೆ, ಒಂದೆರಡು ಸಾಲು ಮುಚ್ಚಿಟ್ಟುಕೊಂಡು.

ಮೊದಲು ಸುತ್ತಾಟ ಎಲ್ಲಿ ಕೆಡುತ್ತದೆ ನೋಡಿ. ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಆಲಮಟ್ಟಿ: ಒಂದೇ ದಿನಕ್ಕೆ ಏಳು. ಕಾಗದದ ಮೇಲೆ ದೂರ ಏನೂ ಅಲ್ಲ. ಬಾದಾಮಿಯಿಂದ ಪಟ್ಟದಕಲ್ಲು 22 ಕಿ.ಮೀ., ಅಲ್ಲಿಂದ ಐಹೊಳೆ 13-14. ದಿನವನ್ನು ತಿನ್ನುವುದು ಕಿಲೋಮೀಟರ್ ಅಲ್ಲ, ಹತ್ತಿ ಇಳಿಯುವುದು. 16 ಜನ ಇಳಿದು, ಚಪ್ಪಲಿ ಬಿಟ್ಟು, ಶೌಚಾಲಯ ಹುಡುಕಿ, ವಾಪಸ್ ಬಂದು, ತಲೆ ಎಣಿಸಿ ಗಾಡಿ ಬಿಡುವಷ್ಟರಲ್ಲಿ ಪಾಯಿಂಟಿಗೆ 20ರಿಂದ 25 ನಿಮಿಷ ಹೋಗುತ್ತದೆ. ಏಳಕ್ಕೆ ಎರಡೂವರೆ ತಾಸು ದಾಟಿತು. ಇದರಲ್ಲಿ ನೋಡಿದ್ದು ಒಂದು ನಿಮಿಷವೂ ಇಲ್ಲ. ಐಹೊಳೆ ಮುಟ್ಟುವುದು ಮಧ್ಯಾಹ್ನ ಎರಡಕ್ಕೆ, ನೆತ್ತಿ ಸುಡುವ ಹೊತ್ತಿಗೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ, ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಹನ್ನೆರಡರ ಮೇಲೆ ಆ ಹಾಸುಗಲ್ಲು ಕಾದ ಹೆಂಚು. ವಯಸ್ಸಾದವರು ಗಾಡಿಯಲ್ಲೇ ಉಳಿಯುತ್ತಾರೆ, ಮನೆಗೆ ಹೋದ ಮೇಲೆ "ಏನೂ ತೋರಿಸಲಿಲ್ಲ" ಅನ್ನುವವರೂ ಅವರೇ.

ರಿಸಾರ್ಟಿನ ಕಥೆ ಬೇರೆ. "2 ದಿನ 1 ರಾತ್ರಿ" ಎಂದು ಬರೆದಿರುತ್ತದೆ. ಚೆಕ್-ಇನ್ ಮಧ್ಯಾಹ್ನ ಒಂದಕ್ಕೆ, ಚೆಕ್-ಔಟ್ ಮರುದಿನ ಹನ್ನೊಂದಕ್ಕೆ, ಕೂಡಿದರೆ 22 ತಾಸು. "ಎಲ್ಲ ಸೇರಿ" ಅಂದದ್ದರಲ್ಲಿ ಸೇರದೇ ಉಳಿಯುವ ಬಾಬತ್ತುಗಳು ಯಾವಾಗಲೂ ಅವೇ: ಡ್ರೈವರನ ಊಟ ಮತ್ತು ಮಲಗುವ ಜಾಗ, ನಡುವಿನ ಚಹಾ, ನೀರಿನ ಬಾಟಲಿ, ಹೆಚ್ಚಿನ ಹಾಸಿಗೆ, ಐದು ದಾಟಿದ ಮಗುವಿನ ಅರ್ಧ ರೇಟು. ಬುಕ್ ಮಾಡುವಾಗ ಈ ಐದನ್ನೂ ವಾಟ್ಸಾಪಿನಲ್ಲಿ ಬರೆಸಿಕೊಳ್ಳದಿದ್ದರೆ ಕೊನೆಗೆ ಕೌಂಟರಿನಲ್ಲಿ ಜಗಳ ಖಾತ್ರಿ. ದಾಂಡೇಲಿಯಲ್ಲಿ ಕಾಳಿ ನದಿಯ ರ್‍ಯಾಫ್ಟಿಂಗ್ ಸೂಪಾ ಅಣೆಕಟ್ಟಿನಿಂದ ನೀರು ಬಿಡುವುದರ ಮೇಲೆ ನಿಂತಿದೆ, ಮಳೆಗಾಲದಲ್ಲಿ ಬಂದ್. ಅದನ್ನೇ ಆಸೆಗಿಟ್ಟು ಮಾರಿದ ಪ್ಯಾಕೇಜ್ ನೀರಿಲ್ಲದ ದಿನ ಕೈಕೊಡುತ್ತದೆ. ಎರಡನೇ ದಿನಕ್ಕೆ ಹಿರಿಯರಿಗೆ ಬೇಸರ. ಬಫೆಯಲ್ಲಿ ಗೋಬಿ ಮಂಚೂರಿ, ಪನೀರ್; ರೊಟ್ಟಿ ಇಲ್ಲದ ಎರಡು ಹೊತ್ತು ನಮ್ಮ ಮಂದಿ ತಡೆಯುತ್ತಾರೆ, ಮೂರನೆಯ ಹೊತ್ತಿಗೆ ಮುಖ ಬಾಡುತ್ತದೆ.

ಆದರೂ ರಿಸಾರ್ಟಿನವರಲ್ಲಿ ಕಲಿಯಲೇಬೇಕಾದದ್ದೊಂದಿದೆ. ಜನ ಅಲ್ಲಿಗೆ ಹೋಗುವುದು ಈಜುಕೊಳಕ್ಕಲ್ಲ. ಮೂರು ದಿನ ಕಿಸೆಗೆ ಕೈ ಹಾಕಬೇಕಿಲ್ಲ, ಗಡಿಯಾರ ನೋಡಬೇಕಿಲ್ಲ, ಅಡಿಗೆ ಮಾಡಬೇಕಿಲ್ಲ ಎನ್ನುವುದಕ್ಕೆ. ಈಜುಕೊಳ ಇರುವ ಹೋಟೆಲನ್ನೂ ಹಾಕಿ ನೋಡಿದೆ. ರೂಮಿಗೆ ಸಾವಿರ ಹೆಚ್ಚು ಹೋಗುತ್ತದೆ, ನೀರಿಗಿಳಿಯುವವರು ಹುಡುಗರು ಮತ್ತು ಒಬ್ಬಿಬ್ಬರು ಅಳಿಯಂದಿರು. ಅತ್ತೆ-ಮಾವ ದಂಡೆಯಲ್ಲಿ ಕೂತಿರುವಾಗ ಸೊಸೆಯಂದಿರು ಯಾರೂ ಇಳಿಯುವುದಿಲ್ಲ. ಕೊಳ ಬಿಟ್ಟು, ಕಿಸೆ-ಗಡಿಯಾರ-ಒಲೆ ಈ ಮೂರನ್ನು ಹಿಡಿದುಕೊಂಡೆ.

ಈಗ ರೊಕ್ಕ. ಟೆಂಪೊ ಟ್ರಾವೆಲರ್ ಲೆಕ್ಕ ನಿಮಗೆ ಗೊತ್ತೇ ಇದೆ: ದಿನಕ್ಕೆ ಕನಿಷ್ಠ 300 ಕಿ.ಮೀ., ಕಿ.ಮೀ.ಗೆ 24ರ ಆಸುಪಾಸು, ಡ್ರೈವರನ ದಿನದ ಭತ್ಯೆ, ಅಂದರೆ ಬಾಟಾ, 600. ಬೆಳಗಾವಿಯಿಂದ ಬಾದಾಮಿ ಒಂದು ಕಡೆಗೆ 150ರಷ್ಟು. ಮೂರು ದಿನಕ್ಕೆ 900 ಕಿ.ಮೀ. ರೊಕ್ಕ, 21,600, ಬಾಟಾ ಸೇರಿ 23,400. ಓಡುವುದು ಹೆಚ್ಚೆಂದರೆ 400. ನಿಂತ ಗಾಡಿಗೆ ರೊಕ್ಕ ಸುರಿಯುವುದೇ ಈ ಪ್ಯಾಕೇಜ್ ಮೊದಮೊದಲು ನಷ್ಟಕ್ಕೆ ಬಿದ್ದ ಕಾರಣ. ದಾರಿ ಎರಡಿವೆ. ಒಂದು, ಬಿಟ್ಟು ಹೋಗಿ ಮತ್ತೆ ಬಂದು ಒಯ್ಯುವುದು: ಹೋಗಿ ಬಂದರೆ ಸರಿಯಾಗಿ 300, ಎರಡು ಸಲಕ್ಕೆ ಬಾಟಾ ಸೇರಿ 15,600. ಊರೊಳಗೆ ಓಡಾಡಲು ಅಲ್ಲಿಯದೇ ಎರಡು ಕ್ರೂಸರ್ ಜೀಪು, ಬೆಳಗಿನ ಅರ್ಧ ದಿನಕ್ಕೆ ಮಾತ್ರ. ಇನ್ನೊಂದು, ನಡುವಿನ ದಿನವನ್ನು ಹಾಲ್ಟಿಂಗ್ ರೇಟಿಗೆ, ಅಂದರೆ ಗಾಡಿ ನಿಂತ ದಿನದ ಕಡಿಮೆ ರೇಟಿಗೆ, ಇಳಿಸುವುದು. ಮಾಲೀಕ ಅದಕ್ಕೆ ಹೇಗೆ ಒಪ್ಪುತ್ತಾನೆ ಎನ್ನುವುದು ನನ್ನ ಹೊಟ್ಟೆಪಾಡಿನ ಗುಟ್ಟು, ಇಲ್ಲಿ ಬರೆಯುವುದಿಲ್ಲ.

ವಿಜಯಪುರದ ಗುಂಪಿಗೆ ಈ ತಲೆನೋವೇ ಇಲ್ಲ. ಹೋಟಗಿ–ಗದಗ ಮಾರ್ಗದ ರೈಲು ವಿಜಯಪುರ, ಆಲಮಟ್ಟಿ, ಬಾಗಲಕೋಟೆ ಹಾಯ್ದು ನೇರ ಬಾದಾಮಿಗೆ ಬರುತ್ತದೆ. ಸ್ಟೇಷನ್ ಊರಿಂದ ಐದು ಕಿ.ಮೀ. ಹೊರಗಿದೆ, ಅಲ್ಲಿಗೆ ಕ್ರೂಸರ್ ಕಳಿಸಿದರಾಯಿತು. ಕೃಷ್ಣೆಯ ಹಿನ್ನೀರಿನ ಮೇಲೆ ರೈಲು ಹಾಯುವಾಗ ಹುಡುಗರೆಲ್ಲ ಕಿಟಕಿಗೆ ಬೀಳುತ್ತಾರೆ. ಆಲಮಟ್ಟಿ ಅಲ್ಲಿಗೆ ಪುಕ್ಕಟೆ ಮುಗಿಯಿತು.

ವಿಜಯಪುರದ ಗುಂಪು, 12 ದೊಡ್ಡವರು, 4 ಮಕ್ಕಳು, ಎರಡು ರಾತ್ರಿ. ನೆನಪಿನಿಂದ ಬರೆಯುತ್ತೇನೆ, ನೂರು-ಇನ್ನೂರು ಆಚೀಚೆ ಇದ್ದೀತು. ಐದು ರೂಮು, 1,800ರಂತೆ ಎರಡು ರಾತ್ರಿಗೆ 18,000. ಊಟ ದೊಡ್ಡವರಿಗೆ ತಲೆಗೆ ಸಾವಿರದಷ್ಟು (ಐದು ಊಟ 150ರಂತೆ, ಎರಡು ನಾಷ್ಟಾ 70ರಂತೆ, ಮೂರು ಸಂಜೆಯ ಚಹಾ-ತಿಂಡಿ 40ರಂತೆ), ಮಕ್ಕಳಿಗೆ ಅರ್ಧ; ಒಟ್ಟು 14,000 ಚಿಲ್ಲರೆ. ಕ್ರೂಸರ್ ಎರಡು, ಎರಡು ಬೆಳಗಿಗೆ 8,000, ಸ್ಟೇಷನ್ ಓಡಾಟ 1,500. ರೈಲು 2,500. ಪುರಾತತ್ವ ಇಲಾಖೆಯ ಟಿಕೆಟ್ 15 ವರ್ಷದೊಳಗಿನವರಿಗಿಲ್ಲ, ದೊಡ್ಡವರದು ಮೂರು ಕಡೆ ಸೇರಿ ಸಾವಿರ ಚಿಲ್ಲರೆ. ಗೈಡ್ 1,500, ನೀರು ಇತ್ಯಾದಿ 1,000. ಎಲ್ಲ ಕೂಡಿ 48,000ದ ಒಳಗೆ. ಮಕ್ಕಳನ್ನು ಅರ್ಧ ಹಿಡಿದರೆ 14 ತಲೆ, ತಲೆಗೆ 3,400 ಬೀಳುತ್ತದೆ. ಮಾರುವುದು 4,200ಕ್ಕೆ. ಉಳಿಯುವ ಹನ್ನೊಂದು ಸಾವಿರ ಕಮಿಷನ್ ಅಲ್ಲ, ಕೂಲಿ. ಮೂರು ದಿನ ಜೊತೆಗಿದ್ದು ದುಡಿದದ್ದು. ರಿಸಾರ್ಟಿಗೆ ರಾತ್ರಿಗೆ 2,500 ಹಿಡಿದರೂ ಎರಡು ರಾತ್ರಿಗೆ 5,000, ಗಾಡಿ ಬೇರೆ.

ನೀರಿನ ಮಾತು ಸಣ್ಣದೆನಿಸುತ್ತದೆ, ಅಲ್ಲ. ನಮ್ಮ ಬಿಸಿಲಿಗೆ ತಲೆಗೆ ಮೂರು ಲೀಟರ್ ಬೇಕು, ದಿನಕ್ಕೆ 20 ಲೀಟರಿನ ಎರಡೂವರೆ ಕ್ಯಾನ್. ಕ್ಯಾನು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಅದೇ ನೀರನ್ನು ಗಿರಾಕಿ ಬಾಟಲಿಯಲ್ಲಿ ಕೊಂಡರೆ ಸಾವಿರದ ಹತ್ತಿರ ಹೋಗುತ್ತದೆ. ಆ ಸಾವಿರ ಅವರ ಕಿಸೆಯಿಂದ ಇಪ್ಪತ್ತಿಪ್ಪತ್ತಾಗಿ ಹೊರಟಾಗಲೇ "ಎಲ್ಲಾ ಸೇರಿ ಅಂದಿದ್ರಲ್ರೀ" ಎಂಬ ಮಾತು ಹುಟ್ಟುವುದು.

ವೇಳೆ ಹೀಗೆ. ಮೊದಲ ದಿನ ಸಂಜೆ ಬಿಸಿಲಿಳಿದ ಮೇಲೆ ಅಗಸ್ತ್ಯ ತೀರ್ಥದ ದಂಡೆ ಹಿಡಿದು ಭೂತನಾಥ ಗುಡಿ. ಸಪಾಟು ದಾರಿ, ಮೊಣಕಾಲು ನೋವಿನವರೂ ಬರುತ್ತಾರೆ. ಎರಡನೇ ದಿನ ಆರೂವರೆಗೆ ಗಾಡಿ ಬಿಟ್ಟು ನೇರ ಐಹೊಳೆಗೆ, ಬರುವಾಗ ಪಟ್ಟದಕಲ್ಲು. ಎಲ್ಲರೂ ಪಟ್ಟದಕಲ್ಲು ಮೊದಲು ಮಾಡುತ್ತಾರೆ, ಅದು ತಪ್ಪು. ಐಹೊಳೆಯ ಮೇಗುಟಿ ಗುಡ್ಡ ಹತ್ತುವುದು ತಂಪಿನಲ್ಲೇ ಆಗಬೇಕು. 634ರ ರವಿಕೀರ್ತಿ ಶಾಸನ ಇರುವುದು ಆ ಗುಡ್ಡದ ಮೇಲಿನ ಜಿನಾಲಯದ ಗೋಡೆಯಲ್ಲಿ. ಎಂಟು ದಾಟಿದರೆ ಅರ್ಧ ಗುಂಪು ಕೆಳಗೇ ಕೂರುತ್ತದೆ. ಹತ್ತಕ್ಕೆ ಪಟ್ಟದಕಲ್ಲು, ಹನ್ನೆರಡೂವರೆಗೆ ರೂಮು. ಗಾಡಿಯಲ್ಲಿ ದಪ್ಪ ಕಾಲುಚೀಲದ ಒಂದು ಚೀಲ ಯಾವಾಗಲೂ ಇರಲಿ, ವಿರೂಪಾಕ್ಷದ ಹಾಸುಗಲ್ಲಿಗೆ. ಮೂರನೇ ದಿನ ಬೆಳಿಗ್ಗೆ ಮೇಣಬಸದಿ, ಅಂದರೆ ಬಾದಾಮಿಯ ಗುಹೆಗಳು. ಮೊದಲ ಗುಹೆಯ ಹದಿನೆಂಟು ಕೈಯ ನಟರಾಜನನ್ನು ಎಲ್ಲರಿಗೂ ತೋರಿಸಿ. ಅಲ್ಲಿಂದ ಎರಡನೆಯದಕ್ಕೇ ಅರವತ್ತರ ಮೇಲೆ ಮೆಟ್ಟಿಲಿವೆ, ಆಗದವರನ್ನು ಎಳೆಯಬೇಡಿ. ಹತ್ತುವವರಿಗೆ ಮೂರನೆಯದರಲ್ಲಿ 578ರ ಮಂಗಳೇಶನ ಶಾಸನ ಸಿಗುತ್ತದೆ. ಪ್ಲಾಸ್ಟಿಕ್ ಚೀಲ ಕೈಯಲ್ಲಿ ಕಂಡರೆ ಮಂಗ ಬಿಡುವುದಿಲ್ಲ, ಒಳಗೆ ಬಾಳೆಹಣ್ಣಿರಲಿ ಬಿಪಿ ಗುಳಿಗೆ ಇರಲಿ. ಶುಕ್ರವಾರ ಬಂದರೆ ಮ್ಯೂಸಿಯಂ ಬಾಗಿಲು ಹಾಕಿರುತ್ತದೆ.

ಗೈಡ್‌ಗೆ ಒಂದೇ ಮಾತು: ಒಂದು ಜಾಗಕ್ಕೆ ಮೂರೇ ಸಂಗತಿ. ಪಟ್ಟದಕಲ್ಲಿನಲ್ಲಿ ಕಾಶಿವಿಶ್ವನಾಥ ಮತ್ತು ಮಲ್ಲಿಕಾರ್ಜುನ ಅಕ್ಕಪಕ್ಕ ನಿಂತಿವೆ. ಒಂದರ ಶಿಖರ ಉತ್ತರದ್ದು, ಬಾಗುತ್ತ ಏರುತ್ತದೆ. ಇನ್ನೊಂದರದು ದಕ್ಷಿಣದ್ದು, ಅಂತಸ್ತು ಅಂತಸ್ತಾಗಿ ಕೂರುತ್ತದೆ. ಎರಡೂ ಕಾಣುವಲ್ಲಿ ಗುಂಪನ್ನು ನಿಲ್ಲಿಸಿ, "ಎರಡರಾಗ ಏನ್ ಫರಕ್ ಐತಿ ಹೇಳ್ರಿ" ಅಂದರೆ ಸಾಕು. ಮೊಬೈಲು ಕೆಳಗಿಟ್ಟು ಉತ್ತರ ಹೇಳುವವರು ಹುಡುಗರೇ. ಗುಡಿ ತೋರಿಸಿದರೆ ಮಕ್ಕಳು ಬೇಸರಪಡುತ್ತಾರೆ ಎನ್ನುವ ರಿಸಾರ್ಟ್ ಪಂಗಡದವರು ಒಮ್ಮೆ ಬಂದು ನೋಡಲಿ.

ಮಧ್ಯಾಹ್ನ ಒಂದರಿಂದ ನಾಲ್ಕೂವರೆವರೆಗೆ ಏನೂ ಇಲ್ಲ. ಈ ಖಾಲಿ ಹೊತ್ತಿಗೇ ಎಲ್ಲರ ತಕರಾರು ಇದ್ದದ್ದು, ಪ್ಯಾಕೇಜ್ ನಿಂತಿರುವುದೂ ಇದರ ಮೇಲೆಯೇ. ಡಿಜೆ ಬೇಡ, ಗೇಮ್ಸ್ ಮಾಡಿಸುವವನೂ ಬೇಡ. ವರಾಂಡದಲ್ಲಿ ಎರಡು ಜಮಖಾನೆ, ಚೌಕಾಬಾರದ ಹಾಸು, ಇಸ್ಪೀಟ್ ಎಲೆ. ನಾಲ್ಕೂವರೆಗೆ ಗಿರಮಿಟ್, ಮಿರ್ಚಿ, ಚಹಾ, ಕೇಳದೆಯೇ ಬರಬೇಕು. ಕೇಳಿದ ಮೇಲೆ ಬಂದರೆ ಅದು ಹೋಟೆಲು, ಕೇಳುವ ಮೊದಲು ಬಂದರೆ ರಿಸಾರ್ಟು.

ರೊಟ್ಟಿಯ ವಿಷಯಕ್ಕೆ ಬರೋಣ, ಹೆಚ್ಚು ಕೆಡುವುದು ಇಲ್ಲೇ. ಒಂದು ಹಂಚಿನ ಮೇಲೆ ಒಂದು ರೊಟ್ಟಿಗೆ ಒಂದೂವರೆ ನಿಮಿಷ, ತಾಸಿಗೆ 40. ಹದಿನಾರು ಜನ ಒಮ್ಮೆಲೇ ಎಲೆಗೆ ಕೂತರೆ ಬೇಕಾಗುವುದೂ 40ರಷ್ಟು. ಅಂದರೆ ಕೊನೆಯವರ ಪಾಲಿನ ರೊಟ್ಟಿ ಒಂದು ತಾಸಿನ ಮೇಲೆ! ಮೊದಲೇ ಮಾಡಿ ಬುಟ್ಟಿಯಲ್ಲಿಟ್ಟರೆ ಬೆವೆತು ಒದ್ದೆಯಾಗುತ್ತದೆ. ಹಂಚು ಎರಡು ಹಾಕಿಸಿ, ಎಲೆಗೆ ಮೊದಲು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು ಬಡಿಸಿ. ಅದನ್ನು ಮುರಿದು ತಿನ್ನುವಷ್ಟರಲ್ಲಿ ಬಿಸಿ ರೊಟ್ಟಿಗೆ ಹದಿನೈದು ನಿಮಿಷ ಸಿಗುತ್ತದೆ. ಕಿಲೋ ಜೋಳದ ಹಿಟ್ಟಿಗೆ ಹತ್ತು-ಹನ್ನೆರಡು ರೊಟ್ಟಿ, ಹೊತ್ತಿಗೆ ನಾಲ್ಕು ಕಿಲೋ ಹಿಡಿಯಿರಿ. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ಬಡಿಯುವಾಗ ಅಂಚು ಸೀಳುತ್ತದೆ, ಆ ವಾರ ಬೀಸಿದ್ದೇ ಬೇಕು. ಎಣ್ಣೆಗಾಯಿಗೆ ಎಳೆಯ ಮುಳಗಾಯಿ ಎರಡು ಕಿಲೋ. ಮಕ್ಕಳಿಗೆ ಅನ್ನ-ಸಾರು, ಚಪಾತಿ ಬೇರೆ ಇರಲಿ. ರೊಟ್ಟಿ ಮಾಡಿಕೊಡುವ ಮನೆ ಯಾವುದೆಂದು ಕೇಳಬೇಡಿ. ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂರುವ ತಾಯಂದಿರ ಹತ್ತಿರ ಕೂತು ಉಂಡರೆ ನಿಮ್ಮ ಮನೆ ನಿಮಗೆ ಸಿಗುತ್ತದೆ.

ಇದೇ ಕಟ್ಟನ್ನು ಬೇರೆ ಕಡೆಯೂ ಹಾಕಿ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಗುಳೇದಗುಡ್ಡದ ಖಣದ ಮಗ್ಗ ಸೇರಿಸಿದರೆ ಹೆಣ್ಣುಮಕ್ಕಳು ಗೆದ್ದರು, ಗಂಡಸರು ಹೊರಗೆ ಚಹಾ ಅಂಗಡಿ ಸೇರಿದರು; ಮುಕ್ಕಾಲು ತಾಸಿನ ಮೇಲೆ ಎಳೆಯಬಾರದು, ರೇಟಿನಲ್ಲಿ ಸೇರಿಸಲೂಬಾರದು. ವಿಜಯಪುರದಲ್ಲಿ ಒಂದು ರಾತ್ರಿ ಇಟ್ಟು, ಗೋಲಗುಮ್ಮಟದ ಬಾಗಿಲು ತೆಗೆಯುವ ಹೊತ್ತಿಗೇ ಮೇಲೆ ಕಳಿಸಿದ್ದು ಚೆನ್ನಾಗಿ ಕೂತಿತು. ಶಾಲೆಯ ಬಸ್ಸುಗಳು ಬಂದ ಮೇಲೆ ಆ ಗ್ಯಾಲರಿಯಲ್ಲಿ ಪಿಸುಮಾತು ಎಲ್ಲಿ ಕೇಳಬೇಕು, ನವೆಂಬರಿನಿಂದ ಜನವರಿವರೆಗೆ ಬರೀ ಕೂಗು. ಅಲ್ಲಿ ಕಷ್ಟ ಮೆಟ್ಟಿಲಿನದು, ಇಕ್ಕಟ್ಟು ಮತ್ತು ಕಡಿದು. ಹಿರಿಯರಿಗೆ ಇಬ್ರಾಹಿಂ ರೋಜಾ ಸಾಕು. ಗೋಕಾಕ ಫಾಲ್ಸ್ ಮಳೆಗಾಲ ಬಿಟ್ಟರೆ ಬರೀ ಬಂಡೆ, ಅದಕ್ಕೆ ಜುಲೈನಿಂದ ಸೆಪ್ಟೆಂಬರ್ ಮಾತ್ರ ದಿನ ಕೊಡುತ್ತೇನೆ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದಾಗ ರಾತ್ರಿಯ ನಾಟಕದ ಟಿಕೆಟ್ ಸೇರಿಸಿ ಮಾರಿದೆ. ಟಿಕೆಟ್ ಖರ್ಚಾದವು, ಆದರೆ ಬೆಳಗಿನ ಆರೂವರೆಯ ಗಾಡಿಗೆ ಒಬ್ಬರೂ ಏಳಲಿಲ್ಲ. ಜಾತ್ರೆಯ ದಿನಗಳಲ್ಲಿ ರೂಮಿನ ರೇಟೂ ದುಪ್ಪಟ್ಟು, ಆ ಹದಿನೈದು ದಿನ ಈಗ ಬುಕಿಂಗ್ ತೆಗೆದುಕೊಳ್ಳುವುದಿಲ್ಲ.

ಮಾರ್ಚ್ ಹದಿನೈದರ ಮೇಲೆಯೂ ತೆಗೆದುಕೊಳ್ಳುವುದಿಲ್ಲ. ಅಡ್ವಾನ್ಸ್ ಮೂರನೇ ಒಂದು ಪಾಲು, ರೂಮಿನವರಿಗೆ ಅದೇ ದಿನ ಹೋಗುತ್ತದೆ. ಉಳಿದದ್ದು ಮೊದಲ ದಿನ ಮಧ್ಯಾಹ್ನದ ಊಟಕ್ಕೆ ಮುಂಚೆ; ಊಟದ ಮೇಲೆ ಕೇಳಿದರೆ "ಹೋಗುವಾಗ ಕೊಡ್ತೇವ್ರಿ" ಅಂತಾರೆ, ಹೋಗುವಾಗ ಲೆಕ್ಕಕ್ಕೆ ಚೌಕಾಸಿ ಸೇರಿಕೊಳ್ಳುತ್ತದೆ. ಗುಂಪು ಹತ್ತು ತಲೆಗಿಂತ ಇಳಿದರೆ 4,200 ರೇಟು ನಿಲ್ಲುವುದಿಲ್ಲ. ಎರಡನೇ ಕ್ರೂಸರ್ ಬಿಟ್ಟರೂ ಗೈಡ್, ಸ್ಟೇಷನ್ ಓಡಾಟ, ಅಡಿಗೆಯವರ ಕೂಲಿ ಅಷ್ಟೇ ಇರುತ್ತವೆ. ಅಂಥವರಿಗೆ 4,800 ಹೇಳುತ್ತೇನೆ, ಇಲ್ಲವೇ ಇನ್ನೊಂದು ಮನೆಯವರನ್ನು ಜೊತೆಗೆ ಹಾಕಲೇ ಎಂದು ಕೇಳುತ್ತೇನೆ.